ಪೆಟ್ಟಿಗೆಯೊಳಗೆ ಕನ್ನಡ ಕೊಳೆಯುತ್ತಿದೆ, ಕರೆಯುವವರಿಲ್ಲ!

ಕನ್ನಡದ ತರುಣ ಮಿತ್ರರೇ, ನಿಮ್ಮ ಜೇಬಿನಲ್ಲಿರುವ ಮೊಬೈಲ್ ಯಾವ ಭಾಷೆಯಲ್ಲಿದೆ? ಒಮ್ಮೆ ತೆಗೆದು ನೋಡಿ. ಆಮೇಲೆ ಮುಂದೆ ಓದಿ.

ನಾನು ಸುಳ್ಯದ ಹತ್ತಿರ ಅಜ್ಜಾವರದಲ್ಲಿ ಸಣ್ಣದೊಂದು ಪ್ರೆಸ್ಸು ನಡೆಸುವವನು. ಓದು ಪಿಯುಸಿಗೇ ನಿಂತಿತು. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಸ್ವಲ್ಪ ಆಚೆ ಹೋದರೆ ಕೇರಳದ ಗಡಿ. ಇಷ್ಟು ಭಾಷೆಗಳ ನಡುವೆ ನಮ್ಮ ಮನೆಗೆ ಅನ್ನ ಹಾಕಿದ್ದು ಕನ್ನಡದ ಅಚ್ಚುಮೊಳೆ.

ಮೊನ್ನೆ ಮಗ ಪ್ರೆಸ್ಸಿನ ಗಣಕಯಂತ್ರದಲ್ಲಿ ದಾರಿ ಹುಡುಕುವ ಆಟ ಆಡುತ್ತಿದ್ದ. ಗೋಡೆಗಳ ನಡುವೆ ಸಿಕ್ಕಿಬಿದ್ದ ಗೊಂಬೆಯನ್ನು ಹೊರಗೆ ತರಬೇಕು, ಅಷ್ಟೇ ಆಟ. ಬೇಸರವಾಗಿ ಆಟದ ಫೈಲುಗಳನ್ನೇ ಬಿಚ್ಚಿ ನೋಡಿದ. "ಅಪ್ಪ, ಆಟದಲ್ಲಿ ಎಲ್ಲೂ ಬಾರದ ಚಿತ್ರಗಳು ಇದರಲ್ಲಿ ಉಂಟು!" ಎಂದು ಕೂಗಿದ. ಹೌದು, ಇತ್ತು. ಆಟ ಕಟ್ಟುವವರು ಚಿತ್ರ, ಶಬ್ದ, ಹಂತ ಎಲ್ಲ ತಯಾರಿಸಿ, ಕಡೆಗೆ ಕೆಲವನ್ನು ಕೈಬಿಡುತ್ತಾರೆ. ಕಿತ್ತರೆ ಬೇರೇನಾದರೂ ಕೆಟ್ಟೀತೆಂದು ಅಲ್ಲೇ ಉಳಿಸುತ್ತಾರೆ. ಫೈಲು ಇರುತ್ತದೆ, ಅದನ್ನು ಕರೆಯುವ ಒಂದು ಸಾಲು ಆಜ್ಞೆ ಇರುವುದಿಲ್ಲ. ಕರೆಯದಿದ್ದರೆ ಇದ್ದೂ ಇಲ್ಲ!

ನನಗೆ ಚುರುಕ್ಕೆಂದಿತು. ನಮ್ಮ ಕನ್ನಡದ ಗತಿಯೂ ಇದೇ ಅಲ್ಲವೇ?

1991ರಲ್ಲಿ ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿ ಬಂದಾಗ ಅದರಲ್ಲಿ ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಮೂಡುವ ವಿನ್ಯಾಸ ಮಾಡಿಕೊಟ್ಟರು. 2001ರ ವಿಂಡೋಸ್ ಎಕ್ಸ್‌ಪಿ ಜತೆಗೆ 'ತುಂಗಾ' ಎಂಬ ಕನ್ನಡ ಅಕ್ಷರವಿನ್ಯಾಸವೂ ಬಂತು. ಆದರೆ ಬಾಗಿಲಿಗೆ ಬೀಗ! ಕಂಟ್ರೋಲ್ ಪ್ಯಾನೆಲ್ ಹೊಕ್ಕು, ಭಾಷೆಗಳ ಪುಟ ಹುಡುಕಿ, ಒಂದು ಚೌಕಕ್ಕೆ ಗುರುತು ಹಾಕಿ, ಮತ್ತೆ ಸಿಡಿ ತುರುಕಿದರೆ ಮಾತ್ರ ಕನ್ನಡದ ಒತ್ತಕ್ಷರ ನೆಟ್ಟಗೆ ಕೂರುತ್ತಿತ್ತು. ಇಂಗ್ಲಿಷಿಗೆ ಯಾವ ಚೌಕವೂ ಇರಲಿಲ್ಲ. ಇದನ್ನು ಅನ್ಯಾಯವೆನ್ನದೆ ಏನೆನ್ನಬೇಕು?

2007ರ ವಿಸ್ಟಾದಿಂದ ಆ ಬೀಗವೂ ಹೋಯಿತು. ಇವತ್ತು ವಿಂಡೋಸಿನಲ್ಲಿ, ಆಂಡ್ರಾಯ್ಡಿನಲ್ಲಿ ಕನ್ನಡ ಕೀಲಿಮಣೆ ಬಿಟ್ಟಿಯಾಗಿ ಸಿಗುತ್ತದೆ. ಹಾಗಾದರೆ ಈಗ ಬೀಗ ಹಾಕಿರುವವರು ಯಾರು? ನಾವೇ!

ನನ್ನ ಮಾನ ಹೋದ ಕಥೆ ಕೇಳಿ. ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಒಬ್ಬ ತರುಣ ತನ್ನ ಅಜ್ಜನ ಉತ್ತರಕ್ರಿಯೆಯ ಕಾಗದದ ಒಕ್ಕಣೆಯನ್ನು ವಾಟ್ಸಾಪಿನಲ್ಲಿ ಕಳಿಸಿದ. ಮಾತು ಕನ್ನಡದ್ದು, ಅಕ್ಷರ ಇಂಗ್ಲಿಷಿನದ್ದು! ಅದರಲ್ಲಿ 'ಲ'ಕಾರ ಯಾವುದು, 'ಳ'ಕಾರ ಯಾವುದು ಎಂದು ಬ್ರಹ್ಮನಿಗೂ ತಿಳಿಯದು. ನಾನು ಕೇಳಬೇಕಿತ್ತು, ಕೇಳಲಿಲ್ಲ. ಅದು ನನ್ನ ತಪ್ಪು. ಅಜ್ಜನ ಹೆಸರಿನ 'ಳ' ನನ್ನ ಕೈಯಲ್ಲಿ 'ಲ' ಆಯಿತು. ಇನ್ನೂರು ಕಾಗದ ಹಂಚಿದ ಮೇಲೆ ಅಜ್ಜಿಯೇ ಓದಿ ಹಿಡಿದರು. ಬದುಕಿಡೀ ಕನ್ನಡದಲ್ಲಿ ರುಜು ಹಾಕಿದ ಮನುಷ್ಯನ ಹೆಸರು ಕಟ್ಟಕಡೆಯ ಕಾಗದದಲ್ಲಿ ಕೆಟ್ಟಿತು. ಆ ತರುಣನ ಮೊಬೈಲಿನಲ್ಲಿ 'ಳ' ಇರಲಿಲ್ಲವೇ? ಇತ್ತು. ಕರೆಯಲಿಲ್ಲ!

ಹೆಸರಿನ ಬೆಲೆ ಏನೆಂದು ಅಮೆರಿಕದ ಒಬ್ಬ ಆಟಗಾರಿಕೆಯವನನ್ನು ಕೇಳಿ. ಅಟಾರಿ ಕಂಪನಿ ಆಟ ಕಟ್ಟಿದವರ ಹೆಸರನ್ನು ಎಲ್ಲೂ ಹಾಕುತ್ತಿರಲಿಲ್ಲ. ವಾರೆನ್ ರಾಬಿನೆಟ್ ಎಂಬಾತ 1980ರ 'ಅಡ್ವೆಂಚರ್' ಆಟದಲ್ಲಿ ಯಾರಿಗೂ ಹೇಳದೆ ಗುಪ್ತ ಕೋಣೆಯೊಂದನ್ನು ಕಟ್ಟಿ, ಅಲ್ಲಿ ತನ್ನ ಹೆಸರು ಬರೆದಿಟ್ಟ. ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಯನ್ನು ಹುಡುಕಿ ಒಯ್ದರೆ ಮಾತ್ರ ಅದಕ್ಕೆ ದಾರಿ. ಇಡೀ ಆಟಕ್ಕಿದ್ದ ಜಾಗ ಬರೀ 4 ಕಿಲೋಬೈಟು. ಅದರಲ್ಲೂ ಹೆಸರಿಗೆ ಜಾಗ ಮಾಡಿದ! ಆತ ಕೆಲಸ ಬಿಟ್ಟು ಹೋದ ಮೇಲೆ ಒಬ್ಬ ಹುಡುಗ ಆ ಕೋಣೆ ಹುಡುಕಿ ಕಂಪನಿಗೆ ಪತ್ರ ಬರೆದ. ಬಾಗಿಲು ಮುಚ್ಚಿದ್ದಾಗ ಆತ ಸುರಂಗ ಕೊರೆದ. ಬಾಗಿಲು ತೆರೆದಿದ್ದರೂ ನಾವು ಹೊಸ್ತಿಲು ದಾಟುವುದಿಲ್ಲ!

ಕರೆಯದೆ ಬಿಟ್ಟರೆ ಏನಾಗುತ್ತದೆ ಗೊತ್ತೇ? ಹಳಗನ್ನಡದ 'ೞ' ಯೂನಿಕೋಡಿನಲ್ಲಿ ಇದೆ. ಆದರೆ ಪಟ್ಟಿಯಲ್ಲಿ ಅದಕ್ಕೆ ಬರೆದಿರುವ ಹೆಸರು 'ಫಾ'! ತಪ್ಪೆಂದು ಆಮೇಲೆ ಅವರೇ ಒಪ್ಪಿಕೊಂಡರು. ಆದರೆ ಒಮ್ಮೆ ಕೊಟ್ಟ ಹೆಸರು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಪಕ್ಕದಲ್ಲಿ ಒಂದು ತಿದ್ದುಪಡಿ ಬರೆದು ಕೈತೊಳೆದುಕೊಂಡರು. ದಿನಾ ಬಳಸುವ ಅಕ್ಷರವಾಗಿದ್ದರೆ ಈ ತಪ್ಪು ಅಂದೇ ಕಣ್ಣಿಗೆ ಬೀಳುತ್ತಿರಲಿಲ್ಲವೇ?

ನಮ್ಮ ಅಪ್ಪನ ಕಾಲದ ಅಚ್ಚುಮೊಳೆಗಳನ್ನೂ ನಾವು ವರ್ಷಗಟ್ಟಲೆ ಕೇಸಿನಲ್ಲೇ ಇಟ್ಟುಕೊಂಡಿದ್ದೆವು. ಬಳಸುವವರಿಲ್ಲದೆ ಧೂಳು ಹಿಡಿದವು. ಕಡೆಗೆ ಸೀಸದ ಬೆಲೆಗೆ, ತೂಕದ ಲೆಕ್ಕದಲ್ಲಿ ಮಾರಿದೆವು. ಕಂಪನಿಗಳೂ ವ್ಯಾಪಾರಿಗಳೇ. ಎಷ್ಟು ಜನ ಒತ್ತಿದರು ಎಂದು ಲೆಕ್ಕ ಹಾಕುತ್ತಾರೆ. ಒತ್ತದಿದ್ದರೆ ನಾಳೆ ತೂಕಕ್ಕೆ ಹಾಕುವುದು ಕನ್ನಡವನ್ನೇ.

"ಮೊದಲು ಸರ್ಕಾರ ಮಾಡಲಿ, ಕಂಪನಿ ಮಾಡಲಿ" ಎನ್ನುತ್ತೀರಾ? ಮಾಡಲೇಬೇಕು, ಬಿಡಬಾರದು. ಅಂಗಡಿ ಬೋರ್ಡಿನಲ್ಲಿ ಕನ್ನಡ ಬೇಕೆಂದು ಬೀದಿಗಿಳಿಯುವುದೂ ಸರಿಯೇ. ಆದರೆ ಆ ಹೋರಾಟಕ್ಕೆ ಗೆಳೆಯರನ್ನು ಕರೆಯುವ ಸಂದೇಶವೇ ಇಂಗ್ಲಿಷ್ ಅಕ್ಷರದಲ್ಲಿದ್ದರೆ ನಿಮ್ಮ ಕೂಗನ್ನು ಯಾರು ನಂಬಬೇಕು? ನಾಚಿಕೆಯಾಗಬೇಕು ನಮಗೆ!

ಇವತ್ತೇ ಮೊಬೈಲನ್ನು ಕನ್ನಡಕ್ಕೆ ತಿರುಗಿಸಿ. ಎಟಿಎಂನಲ್ಲಿ ಕನ್ನಡ ಒತ್ತಿ. ಮದುವೆಯ ಕಾಗದವಿರಲಿ, ಸಾವಿನ ಕಾಗದವಿರಲಿ, ಪ್ರೆಸ್ಸಿಗೆ ಕನ್ನಡ ಅಕ್ಷರದಲ್ಲೇ ಕಳಿಸಿ. ನಿಮ್ಮ ಅಜ್ಜನ ಹೆಸರು ನೆಟ್ಟಗೆ ಅಚ್ಚಾಗಲಿ.

ಅನುಪಯುಕ್ತ ಫೈಲಾಗಿ ಸಾಯಲು ಹುಟ್ಟಿದ ಭಾಷೆ ಇದಲ್ಲ. ಕರೆಯಿರಿ, ಬರುತ್ತದೆ!

— ಅಜ್ಜಾವರದ ಒಬ್ಬ ಮುದ್ರಕ