ನಕ್ಷೆಯ ಮೇಲೆ ಗೆರೆ, ಜನರ ಮೇಲೆ ಬರೆ

ಹೊಸನಗರ ತಾಲೂಕಿಗೆ ತಹಶೀಲ್ದಾರರು ಒಬ್ಬರು, ಶಾಸಕರು ಇಬ್ಬರು. 'ಲಾಭವೇ ಆಯ್ತಲ್ಲ' ಅನ್ನುವವರು ಉಂಟು. ಆದರೆ ಇಬ್ಬರಲ್ಲಿ ಒಬ್ಬರೂ ಹೊಸನಗರ ಕ್ಷೇತ್ರದವರಲ್ಲ. ಒಬ್ಬರು ಸಾಗರ ಕ್ಷೇತ್ರದವರು, ಮತ್ತೊಬ್ಬರು ತೀರ್ಥಹಳ್ಳಿ ಕ್ಷೇತ್ರದವರು. ರಸ್ತೆ ಕೆಟ್ಟರೆ ಯಾವ ಬಸ್ಸು ಹತ್ತಬೇಕು ಅಂತ ಜನ ಮೊದಲು ಲೆಕ್ಕ ಹಾಕಬೇಕು.

ಇದು 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯ ಫಲ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ 2001ರ ಜನಗಣತಿ ಹಿಡಿದು ಲೆಕ್ಕ ಹಾಕಿತು. ರಾಜ್ಯದ ಜನ 5 ಕೋಟಿ 28 ಲಕ್ಷ, ವಿಧಾನಸಭಾ ಸ್ಥಾನ 224. ಭಾಗಿಸಿದರೆ ಕ್ಷೇತ್ರಕ್ಕೆ ಸುಮಾರು 2 ಲಕ್ಷ 36 ಸಾವಿರ ಜನ. ಶಿವಮೊಗ್ಗ ಜಿಲ್ಲೆಯ 8 ಕ್ಷೇತ್ರ 7ಕ್ಕೆ ಇಳಿಯಿತು, ಹೊಸನಗರದ ಹೆಸರು ಅಳಿಸಿಹೋಯಿತು. ಕೊಡಗಿನ 3 ಕ್ಷೇತ್ರ 2 ಆಯಿತು. ಬೆಂಗಳೂರು ನಗರ ಜಿಲ್ಲೆಗೆ 28 ಸಿಕ್ಕಿತು.

ಲೆಕ್ಕ ತಪ್ಪು ಅನ್ನುವ ಹಾಗಿಲ್ಲ. 2023ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದ ಮತದಾರರು ಆರು ಲಕ್ಷ ಮೀರಿದ್ದರು. ಶೃಂಗೇರಿಯಲ್ಲಿ ಎರಡು ಲಕ್ಷವೂ ಇರಲಿಲ್ಲ. ಒಂದೇ ದುಡ್ಡಿಗೆ ಒಬ್ಬರಿಗೆ ಸೇರು, ಒಬ್ಬರಿಗೆ ಪಾವು ಅಳೆದರೆ ಗಿರಾಕಿ ಸುಮ್ಮನಿರ್ತಾನೆಯೇ? ನಗರದವರ ದೂರಿನಲ್ಲೂ ನ್ಯಾಯವಿದೆ.

ಆದರೆ ತಲೆ ಎಣಿಸುವವರು ತಲೆ ಯಾಕೆ ಕಡಿಮೆಯಾಯ್ತು ಅಂತ ಕೇಳುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ್ದು ಸಾಗರ, ಹೊಸನಗರ ತಾಲೂಕುಗಳ ಹಳ್ಳಿಗಳು. ಕರೆಂಟು ನಾಡಿಗೆಲ್ಲ ಹೋಯಿತು. ಗದ್ದೆ, ತೋಟ ಕಳಕೊಂಡವರು ಸಿಕ್ಕಲ್ಲಿ ನೆಲೆ ಕಂಡುಕೊಂಡರು. ನಾಡಿಗೆ ಬೆಳಕು ಕೊಟ್ಟ ತಾಲೂಕು ಕಡೆಗೆ ತನ್ನ ಹೆಸರಿನ ಕ್ಷೇತ್ರವನ್ನೂ ಬಿಟ್ಟುಕೊಡಬೇಕಾಯಿತು. ಇದು ಯಾವ ನ್ಯಾಯ?

2002ರ ಪುನರ್ವಿಂಗಡಣೆ ಕಾಯ್ದೆ ಜನಸಂಖ್ಯೆ ಒಂದನ್ನೇ ನೋಡಿ ಅಂದಿಲ್ಲ. ಬೆಟ್ಟ, ಹೊಳೆ, ಆಡಳಿತದ ಗಡಿ, ಸಂಚಾರ ಸೌಲಭ್ಯ, ಜನರ ಅನುಕೂಲ ಎಲ್ಲವನ್ನೂ ನೋಡಬೇಕು ಅಂದಿದೆ. ಒಂದು ತಾಲೂಕನ್ನು ಎರಡು ತುಂಡು ಮಾಡುವಾಗ ಈ ಮಾತು ಎಲ್ಲಿ ಹೋಗಿತ್ತು?

ಶಾಸಕರು ಏನು ಮಾಡುತ್ತಿದ್ದರು ಅಂತ ಕೇಳಬಹುದು. ಆಯೋಗದಲ್ಲಿ ರಾಜ್ಯದ 5 ಸಂಸದರು, 5 ಶಾಸಕರು ಸಹ ಸದಸ್ಯರಾಗಿ ಕೂರುತ್ತಾರೆ. ಮಾತಾಡಬಹುದು, ಮತ ಹಾಕುವಂತಿಲ್ಲ. ಆಯೋಗದ ಅಂತಿಮ ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಅಂತ ಕಾಯ್ದೆಯೇ ಹೇಳುತ್ತದೆ. ಆದೇಶ ಮೇಲ್ನೋಟಕ್ಕೇ ಮನಸೋ ಇಚ್ಛೆಯದಾಗಿದ್ದರೆ ಪರಿಶೀಲಿಸಬಹುದು ಅಂತ ಸುಪ್ರೀಂ ಕೋರ್ಟು 2024ರಲ್ಲಿ ಹೇಳಿದ್ದು ನಿಜ. ಆದರೆ ಹಳ್ಳಿಯವನಿಗೆ ದಿಲ್ಲಿ ದೂರ. ಅವನ ಕೈಯಲ್ಲಿರುವುದು ಒಂದೇ ಕಾಲ: ಕರಡು ಪ್ರಕಟವಾದ ಮೇಲೆ, ಆಕ್ಷೇಪಣೆಯ ಗಡುವು ಮುಗಿಯುವುದರೊಳಗೆ.

ಸ್ಥಾನಗಳ ಸಂಖ್ಯೆಗೆ 2026ರ ನಂತರದ ಮೊದಲ ಜನಗಣತಿವರೆಗೆ ತಡೆ ಹಾಕಿದ್ದು ಸಂವಿಧಾನದ 84ನೇ ತಿದ್ದುಪಡಿ. 2027ರ ಮಾರ್ಚ್ 1 ಜನಗಣತಿಯ ಲೆಕ್ಕದ ದಿನ ಅಂತ ಕೇಂದ್ರ ಸರ್ಕಾರ 2025ರಲ್ಲೇ ಪ್ರಕಟಿಸಿತು. ಇಂದಲ್ಲ ನಾಳೆ ಹೊಸ ಗೆರೆ ಬಂದೇ ಬರುತ್ತದೆ.

ಆದ್ದರಿಂದ ಕರಡು ನಕ್ಷೆ ಗೆಜೆಟ್‌ನಲ್ಲಿ ಮಲಗಬಾರದು. ಹಳ್ಳಿಗಳ ಹೆಸರಿನ ಸಮೇತ, ಕನ್ನಡದಲ್ಲಿ, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಬರಲಿ. ಅಹವಾಲು ಕೇಳುವವರು ತಾಲೂಕಿಗೇ ಬರಲಿ. ತಾಲೂಕು ಒಡೆಯಲೇಬೇಕಾದರೆ ಕಾರಣ ಬರೆದು ಕೊಡಲಿ. ಜನಸಂಖ್ಯೆಯಲ್ಲಿ ನಾಲ್ಕಾರು ಸಾವಿರ ಆಚೀಚೆಯಾದರೆ ಆಕಾಶ ಬೀಳುವುದಿಲ್ಲ.

ಜನರೂ ಅಷ್ಟೆ. ಕರಡು ಬಂದ ದಿನ ಸುಮ್ಮನಿದ್ದು ಆದೇಶ ಬಂದ ದಿನ ಕೂಗಿದರೆ, ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ವರ್ತಕರ ಸಂಘಗಳು, ರೈತ ಸಂಘಗಳು, ಎಲ್ಲ ಪಕ್ಷದ ಮುಖಂಡರು ಈಗಲೇ ಎಚ್ಚರಾಗುವರೇ?