ಚೋಂಗ್‌ಚಿಂಗ್‌ಗೆ ಹೋದರೆ ಆ ಟ್ರೈನ್ ಒಂದೇನಾ?

ಬಿಲ್ಡಿಂಗ್ ಒಳಗೆ ನುಗ್ಗಿ ಆ ಕಡೆಯಿಂದ ಹೊರಗೆ ಬರೋ ಟ್ರೈನಿನ ರೀಲ್ ನೋಡದವರು ನಮ್ಮ ಹಾಸ್ಟೆಲ್‌ನಲ್ಲಿ ಯಾರೂ ಇಲ್ಲ. ಅದು ಚೀನಾದ ಚೋಂಗ್‌ಚಿಂಗ್ ನಗರದ ಲಿಝಿಬಾ ಸ್ಟೇಷನ್. ಹತ್ತೊಂಬತ್ತು ಮಹಡಿಯ ಕಟ್ಟಡದಲ್ಲಿ ಆರರಿಂದ ಎಂಟನೇ ಮಹಡಿ ಸ್ಟೇಷನ್, ಅದರ ಮೇಲೆ ಜನ ಆರಾಮಾಗಿ ಸಂಸಾರ ಮಾಡಿಕೊಂಡಿದ್ದಾರೆ. ಕೆಳಗೆ ರಸ್ತೆಯಲ್ಲಿ ಟ್ರೈನ್ ನುಂಗೋ ಹಾಗೆ ಬಾಯಿ ತೆರೆದು ಫೋಟೋ ತೆಗೆಸಿಕೊಳ್ಳೋರ ಜಾತ್ರೆ. ಡಿಗ್ರಿ ಮುಗಿದ ಮೇಲೆ ಚೀನಾಗೆ ಹೋಗಬೇಕು ಅಂತ ಮಾತು ಬಂದರೆ ನಮ್ಮಲ್ಲಿ ಮೊದಲು ಕೇಳೋ ಹೆಸರು ಇದೇ. (ಪಾಸ್‌ಪೋರ್ಟ್ ಇನ್ನೂ ಯಾರ ಹತ್ರಾನೂ ಇಲ್ಲ, ಲಿಸ್ಟ್ ಮಾತ್ರ ರೆಡಿ.)

ಆ ಟ್ರೈನ್ ಮೇಲೆ ನಮಗೇನೂ ಸಿಟ್ಟಿಲ್ಲ. ಆದರೆ ಲಿಝಿಬಾದಲ್ಲೇ ಎಂಜಿನಿಯರಿಂಗ್ ಓದೋರು ಗಮನಿಸಬೇಕಾದ್ದು ಕಂಬಗಳನ್ನ. ಸ್ಟೇಷನ್ನಿನ ಕಂಬಗಳೇ ಬೇರೆ, ಮನೆಗಳ ಕಂಬಗಳೇ ಬೇರೆ. ಎರಡನ್ನೂ ಬಿಡಿಬಿಡಿಯಾಗಿ ನಿಲ್ಲಿಸಿರೋದರಿಂದ ಟ್ರೈನಿನ ಅದುರು ಮೇಲಿನ ಮನೆಯ ಪಾತ್ರೆಗಳ ತನಕ ಹೋಗಲ್ಲ. ರಬ್ಬರ್ ಚಕ್ರದ ಮೋನೋರೈಲ್ ಆದ್ದರಿಂದ ಸದ್ದೂ ಕಡಿಮೆ. ಇದ್ಯಾವುದೂ ರೀಲ್‌ನಲ್ಲಿ ಬರಲ್ಲ. ಈ ಊರಿನ ಒಳ್ಳೆಯ ಎಂಜಿನಿಯರಿಂಗ್ ಎಲ್ಲ ಕ್ಯಾಮೆರಾಗೆ ಸಿಗದ ಕಡೆಯೇ ಇದೆ, ಹೋಗೋದಾದರೆ ಅಲ್ಲಿಗೆ ಹೋಗಬೇಕು ಅನ್ನೋದು ನಮ್ಮ ವಾದ.

ಊರು ಅಂದರೂ ಸಣ್ಣದೇನಲ್ಲ. ಆಡಳಿತದ ಲೆಕ್ಕದಲ್ಲಿ 82,000 ಚದರ ಕಿಲೋಮೀಟರ್‌ಗೂ ಹೆಚ್ಚು ಜಾಗ, 3 ಕೋಟಿಗೂ ಹೆಚ್ಚು ಜನ. ಕರ್ನಾಟಕದ ಅರ್ಧಕ್ಕೆ ಸ್ವಲ್ಪ ಕಡಿಮೆ, ಅಷ್ಟೆ!

ನಮ್ಮ ಲಿಸ್ಟ್‌ನಲ್ಲಿ ಮೊದಲನೆಯದು ಫೂಲಿಂಗ್. ಮುಖ್ಯ ನಗರದಿಂದ ಪೂರ್ವಕ್ಕೆ, ಯಾಂಗ್ಟ್ಸಿ ನದಿ ಹರಿಯೋ ಕಡೆಗೆ, ಫಾಸ್ಟ್ ಟ್ರೈನಿನಲ್ಲಿ ಒಂದು ಗಂಟೆಯೂ ಬೇಡ. ಅಲ್ಲಿ ನದಿಯೊಳಗೆ ಸುಮಾರು 1,600 ಮೀಟರ್ ಉದ್ದದ ಒಂದು ಬಂಡೆಸಾಲು ಇದೆ. ಹೆಸರು ಬೈಹೆಲಿಯಾಂಗ್, ಅಂದರೆ ಬಿಳಿ ಕೊಕ್ಕರೆ ದಿಬ್ಬ. ಹಿಂದೆಲ್ಲ ಚಳಿಗಾಲದಲ್ಲಿ ನೀರು ತೀರಾ ಇಳಿದರೆ ಮಾತ್ರ ಅದು ಮೇಲೆ ಕಾಣುತ್ತಿತ್ತು. ಟ್ಯಾಂಗ್ ದೊರೆಗಳ ಕಾಲದಲ್ಲಿ, 8ನೇ ಶತಮಾನದಲ್ಲಿ, ಯಾರೋ ಅದರ ಮೇಲೆ ಮೀನು ಕೆತ್ತಿದರು. ಆಮೇಲೆ ಬಂದವರು ಈ ಸಲ ನೀರು ಮೀನಿಗಿಂತ ಇಷ್ಟು ಕೆಳಗಿದೆ ಅಂತ ಪಕ್ಕದಲ್ಲೇ ಬರೆಯುತ್ತಾ ಹೋದರು. ಕಲ್ಲಿನ ಮೀನು ಕಂಡರೆ ಮುಂದೆ ಒಳ್ಳೆ ಬೆಳೆ ಅಂತ ಜನರ ನಂಬಿಕೆ. ಹೀಗೆ ಸುಮಾರು 1,200 ವರ್ಷಗಳ ಅವಧಿಯಲ್ಲಿ 72 ವರ್ಷಗಳ ನೀರಿನ ಮಟ್ಟ ಕಲ್ಲಿನ ಮೇಲೆ ಉಳಿದಿದೆ. ಸೆನ್ಸರ್ ಇಲ್ಲ, ಡೇಟಾಬೇಸ್ ಇಲ್ಲ, ಮೀನೇ ಅಳತೆಗೋಲು.

ತ್ರೀ ಗಾರ್ಜಸ್ ಡ್ಯಾಮ್ ಬಂದಾಗ ಈ ಬಂಡೆ ಮುಳುಗಿದರೆ ಮತ್ತೆ ಮೇಲೆ ಬರಲ್ಲ ಅಂತ ಗೊತ್ತಾಯಿತು. ಮುಳುಗಡೆ ಅಂದರೆ ಏನು ಅಂತ ಬಾಗಲಕೋಟೆ ಕಡೆಯ, ಶರಾವತಿ ಕಡೆಯ ನಮ್ಮ ಫ್ರೆಂಡ್ಸ್‌ಗೆ ಬಿಡಿಸಿ ಹೇಳಬೇಕಾಗಿಲ್ಲ. ಬಂಡೆ ಹೂಳಿನಲ್ಲಿ ಇರಲಿ, ದಡದ ಮೇಲೆ ನಕಲು ಮಾಡಿಡೋಣ ಅನ್ನೋ ಸಲಹೆಯೂ ಬಂದಿತ್ತು. ಗೆ ಶಿಯುರುನ್ ಅನ್ನೋ ಎಂಜಿನಿಯರ್ 2001ರಲ್ಲಿ ಬೇರೆ ದಾರಿ ತೋರಿಸಿದರು. 40 ಮೀಟರ್ ಆಳದಲ್ಲಿ ಖಾಲಿ ಗುಮ್ಮಟ ಕಟ್ಟಿದರೆ ರೋ-ಜಿ-ಎಚ್ ಪ್ರಕಾರ ಒಂದೊಂದು ಚದರ ಮೀಟರ್ ಮೇಲೂ ಸುಮಾರು 40 ಟನ್ ನೀರಿನ ಭಾರ. ಅದಕ್ಕೆ ಅವರು ಗುಮ್ಮಟದ ಒಳಗೂ ಸೋಸಿದ ನದಿನೀರನ್ನೇ ತುಂಬಿಸಿ ಅಂದರು. ಒಳಗೂ ಹೊರಗೂ ಒತ್ತಡ ಒಂದೇ ಆದಮೇಲೆ ಗುಮ್ಮಟಕ್ಕೆ ಕಷ್ಟವೇ ಇಲ್ಲ. ಜನ ಓಡಾಡೋ ಸುರಂಗಕ್ಕೆ ಮಾತ್ರ ಈ ರಿಯಾಯಿತಿ ಸಿಗಲ್ಲ, ಒಳಗೆ ಗಾಳಿ ಬೇಕಲ್ವಾ, ಅದು ಪೂರ್ತಿ ಒತ್ತಡ ಹೊರಲೇಬೇಕು. ಹಾಗಾಗಿ ಅದರ ಕಿಟಕಿಗಳು ಹಡಗಿನ ಕಿಟಕಿಗಳ ಥರ ಗುಂಡಗೆ, ಪುಟ್ಟದಾಗಿವೆ. 2009ರಲ್ಲಿ ಮ್ಯೂಸಿಯಂ ತೆರೆಯಿತು. ಇದೇ ಫಾರ್ಮುಲಾನ ನಾವು ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡಿದ್ದೇ ಮಾಡಿದ್ದು, ಇಂಥದ್ದೊಂದು ಉದಾಹರಣೆ ಕ್ಲಾಸ್‌ನಲ್ಲಿ ಒಂದು ಸಲಾನೂ ಬರಲಿಲ್ಲ.

ಹಾಗಂತ ಬರೀ ಹೊಗಳೋದೂ ಸರಿಯಲ್ಲ. ಅದೇ ಡ್ಯಾಮಿಗೋಸ್ಕರ ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಅವರ ಬೀದಿ, ಅಂಗಡಿ, ತೋಟಗಳ ಮೇಲೆ ಯಾರೂ ಗುಮ್ಮಟ ಕಟ್ಟಲಿಲ್ಲ. ಏನನ್ನ ಉಳಿಸೋದು, ಏನನ್ನ ಬಿಡೋದು ಅನ್ನೋ ಪ್ರಶ್ನೆ ನಾಳೆ ನಮ್ಮ ಸಿವಿಲ್ ಬ್ರಾಂಚಿನವರ ಟೇಬಲ್‌ಗೂ ಬರುತ್ತೆ, ಸಿಲಬಸ್‌ನಲ್ಲಿ ಅದಕ್ಕೆ ಮಾರ್ಕ್ಸ್ ಇಲ್ಲ. ಆ ಪುಟ್ಟ ಕಿಟಕಿ ಮುಂದೆ ನಿಂತು ಅದನ್ನ ಯೋಚನೆ ಮಾಡಬೇಕು ಅಂತ ನಮಗೆ ಆಸೆ.

ಫೂಲಿಂಗ್‌ನಲ್ಲೇ ಇನ್ನೊಂದು ಜಾಗ ಇದೆ, ಹೆಸರು ಬರೀ ನಂಬರ್: 816. ಅಣುಬಾಂಬಿಗೆ ಪ್ಲುಟೋನಿಯಂ ಮಾಡೋಕೆ ಬೆಟ್ಟದ ಹೊಟ್ಟೆಯೊಳಗೆ 20 ಕಿಲೋಮೀಟರ್‌ಗೂ ಹೆಚ್ಚು ಸುರಂಗ ಕೊರೆದು, ಪೂರ್ತಿ ಮುಗಿಯೋ ಮೊದಲೇ 1984ರಲ್ಲಿ ಕೆಲಸ ನಿಲ್ಲಿಸಿದರು. 2010ರಿಂದ ಟಿಕೆಟ್ ಇಟ್ಟಿದ್ದಾರೆ. ಒಳಗೆ ಹಾಕಿರೋ ಬಣ್ಣದ ಲೈಟುಗಳು ಫೋಟೋದಲ್ಲಿ ನೋಡಿದರೇ ನಮಗೆ ಹಿಡಿಸಲಿಲ್ಲ. ಕೆಲಸ ಮಾಡುವಾಗ ಸತ್ತ ಸೈನಿಕರ ಸಮಾಧಿಗಳು ಹತ್ತಿರದಲ್ಲೇ ಇವೆ. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು, ನಮ್ಮದೇ ವಯಸ್ಸು.

ಅಷ್ಟು ದೂರ ಆಗಲ್ಲ ಅನ್ನೋರಿಗೆ ನಗರದ ನಡುವೆಯೇ ಜ್ಯಾವೋಚಾಂಗ್‌ಕೌ ಇದೆ. ಶಾಪಿಂಗ್ ಬೀದಿಯಿಂದ ನಡೆದೇ ಹೋಗಬಹುದು. ಎರಡನೇ ಮಹಾಯುದ್ಧದ ಹೊತ್ತಿಗೆ ಚೋಂಗ್‌ಚಿಂಗ್ ಚೀನಾದ ರಾಜಧಾನಿ. ಜಪಾನಿನ ವಿಮಾನಗಳು ಬಾಂಬ್ ಹಾಕುತ್ತಿದ್ದವು ಅಂತ ಜನರಿಗಾಗಿ ಸುರಂಗ ತೋಡಿದ್ದರು. 1941ರ ಜೂನ್ 5ರ ರಾತ್ರಿ ಅದರೊಳಗೆ ಹಿಡಿಸಲಾರದಷ್ಟು ಜನ ತುಂಬಿದರು, ದಾಳಿ ಗಂಟೆಗಟ್ಟಲೆ ನಿಲ್ಲಲಿಲ್ಲ. ಬಾಂಬಿನಿಂದ ತಪ್ಪಿಸಿಕೊಂಡು ಬಂದವರು ಉಸಿರುಗಟ್ಟಿ, ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ವೆಂಟಿಲೇಷನ್ ಅನ್ನೋ ಪದ ನಮಗೆ ನೋಟ್ಸ್‌ನಲ್ಲಿ ಎರಡು ಸಾಲು. ಆ ಜಾಗದಲ್ಲಿ ಈಗ ಒಂದು ಸ್ಮಾರಕ ಇದೆ.

ಕೊನೆಗೆ ದಾಝೂ. ಇದು ಯುನೆಸ್ಕೋ ಪಟ್ಟಿಯಲ್ಲಿ 1999ರಿಂದ ಇದ್ದರೂ ನಮ್ಮ ರೀಲ್ಸ್‌ಗೆ ಇನ್ನೂ ತಲುಪಿಲ್ಲ. ಬಾವೋದಿಂಗ್ ಬೆಟ್ಟದಲ್ಲಿ 12-13ನೇ ಶತಮಾನದ ಬೌದ್ಧ ಶಿಲ್ಪಗಳು. ಸಾವಿರ ಕೈಗಳ ಗ್ವಾನ್‌ಯಿನ್ ಅಂತ ಕರೆಯೋ ವಿಗ್ರಹವನ್ನ ರಿಪೇರಿ ಮಾಡುವಾಗ ಸರಿಯಾಗಿ ಎಣಿಸಿದರೆ ಸಿಕ್ಕಿದ್ದು 830 ಕೈ! ನಮಗೆ ಅದಕ್ಕಿಂತ ಇಷ್ಟವಾದದ್ದು ಅಲ್ಲಿನ ಮೋರಿ ಕೆಲಸ. ಬಂಡೆಯಿಂದ ಇಳಿಯೋ ನೀರು ಶಿಲ್ಪವನ್ನ ಹಾಳು ಮಾಡಬಾರದು ಅಂತ ಆ ನೀರನ್ನೇ ಶಿಲ್ಪದ ಭಾಗ ಮಾಡಿಕೊಂಡಿದ್ದಾರೆ. ಒಂದು ಕಡೆ ಅದು ಡ್ರ್ಯಾಗನ್ ಬಾಯಿಂದ ಎಳೆಯ ಬುದ್ಧನಿಗೆ ಸ್ನಾನ ಮಾಡಿಸುತ್ತೆ. ಇನ್ನೊಂದು ಗುಹೆಯಲ್ಲಿ ಭಿಕ್ಷುವಿನ ಬಟ್ಟಲಿಗೆ ತೊಟತೊಟ ಬೀಳುತ್ತೆ, ಕಾಲುವೆ ಎಲ್ಲಿದೆ ಅಂತ ಮಾತ್ರ ಕಣ್ಣಿಗೆ ಕಾಣಲ್ಲ. ಮಳೆ ದಿನ ನೋಡಿಕೊಂಡು ಹೋದರೆ ಒಳ್ಳೇದು.