ಊರಿಗೊಂದು ಬರವಣಿಗೆಯ ಕಮ್ಮಟ



ನಮ್ಮ ಮಕ್ಕಳಿಗೆ ಕನ್ನಡ ಬರುತ್ತದೆಯೇ ಎಂಬ ಪ್ರಶ್ನೆಗೆ ನಾವು ವಾಡಿಕೆಯಾಗಿ ಕೊಡುವ ಉತ್ತರವೊಂದುಂಟು: ಮನೆಯಲ್ಲಿ ಮಾತನಾಡುತ್ತಾರೆ, ಪಾಠಪುಸ್ತಕವನ್ನು ಓದುತ್ತಾರೆ, ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾರೆ. ಇಷ್ಟು ಸಾಕೆಂದು ಬಹುಕಾಲದಿಂದ ನಂಬಿಕೊಂಡು ಬಂದಿದ್ದೇವೆ. ಆದರೆ ಅದೇ ಮಗುವಿನ ಮುಂದೆ ಬರಿಯ ಹಾಳೆಯೊಂದನ್ನಿಟ್ಟು, ‘ನಿನ್ನೆ ನೀನು ಕಂಡುದನ್ನು ನಿನ್ನ ಮಾತಿನಲ್ಲಿಯೇ ಬರೆ’ ಎಂದು ಹೇಳಿ ನೋಡಿರಿ. ಎಷ್ಟೋ ಮಕ್ಕಳು ಲೇಖನಿಯನ್ನು ಕಚ್ಚುತ್ತ ಪಕ್ಕದವರ ಹಾಳೆಯತ್ತ ಕಣ್ಣು ಹಾಯಿಸುತ್ತಾರೆ. ಪರರ ವಾಕ್ಯವನ್ನು ನಕಲುಮಾಡಿ ಬೆಳೆದವರು ಸ್ವಂತ ವಾಕ್ಯವೊಂದನ್ನು ಕಟ್ಟಲು ಹೆದರುತ್ತಾರೆ. ದೋಷ ಮಕ್ಕಳದಲ್ಲ, ಬರೆಯಿರೆಂದು ಅವರನ್ನು ಕರೆದವರೇ ಇಲ್ಲ.

1956ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350-ಎ ಅನುಚ್ಛೇದವು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ವಿಧಿಸಿದೆ. ಶಾಲೆ, ಶಿಕ್ಷಕ, ಪಠ್ಯಪುಸ್ತಕ, ಇವನ್ನು ಕೇಳುವುದು ನಮ್ಮ ಹಕ್ಕು, ಅದನ್ನು ಬಿಡತಕ್ಕದ್ದಲ್ಲ. ಆದರೆ ಭಾಷೆಯ ಮೇಲಿನ ಒಡೆತನವನ್ನು ಯಾವ ಅನುಚ್ಛೇದವೂ ಮಗುವಿನ ಕೈಗೆ ತಂದುಕೊಡಲಾರದು. ಅದು ಊರವರು ಮಾಡಬೇಕಾದ ಕೆಲಸ.

ಗಡಿಯ ಮಣ್ಣು ಸಾಹಿತ್ಯಕ್ಕೆ ಬಂಜರೆಂದು ಯಾರೂ ತಿಳಿಯದಿರಲಿ. 1949ರಲ್ಲಿ ರಾಷ್ಟ್ರಕವಿಯೆನಿಸಿದ ಗೋವಿಂದ ಪೈಗಳು ಮಂಜೇಶ್ವರದವರು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡವನ್ನು ಸ್ವಪ್ರಯತ್ನದಿಂದ ಕಲಿತು, ಸಿದ್ಧರಾಮನ ಚರಿತ್ರೆಯನ್ನು ತ್ರಿಪದಿಯಲ್ಲಿ ಪುರಾಣವಾಗಿ ರಚಿಸಿ, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದ ಮೊದಲ ಮಹಿಳೆ ಅವರು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮನೆಮಾತು ಬೇರೆ. ಕನ್ನಡ ಶಾಲೆಯಲ್ಲಿ ಕಲಿತ ನುಡಿಯಲ್ಲಿಯೇ ಅವರು ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಬರೆದು, ತಮ್ಮ ಸೀಮೆಯ ಹೆಣ್ಣುಮಕ್ಕಳ ಸಂಕಟವನ್ನು ನಾಡಿಗೆಲ್ಲ ಕೇಳಿಸಿದರು. ಇವರೆಲ್ಲ ತಮ್ಮ ಛಲದಿಂದ ಮೇಲೆ ಬಂದವರು. ಅಷ್ಟು ಛಲವಿಲ್ಲದ, ಆದರೆ ಹೇಳಲು ಕಥೆಯುಳ್ಳ ಮಕ್ಕಳ ಗತಿಯೇನು? ಇದೇ ನಮ್ಮನ್ನು ಕಾಡುವ ಪ್ರಶ್ನೆ.

ಇದಕ್ಕೆ ಪರಿಹಾರವನ್ನು ಕಂಡುಕೊಂಡ ಪರದೇಶವೊಂದರ ನಿದರ್ಶನವನ್ನು ಇಲ್ಲಿ ಹೇಳಬಯಸುತ್ತೇವೆ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಕಾದಂಬರಿಕಾರ ರಾಡಿ ಡಾಯ್ಲ್ ಮತ್ತು ಅವರ ಮಿತ್ರ ಶಾನ್ ಲವ್ 2009ರಲ್ಲಿ ‘ಫೈಟಿಂಗ್ ವರ್ಡ್ಸ್’ ಎಂಬ ಬರವಣಿಗೆಯ ಮನೆಯನ್ನು ತೆರೆದರು. ಶಾಲೆಯ ಮಕ್ಕಳು ಒಂದು ಬೆಳಗ್ಗೆ ಅಲ್ಲಿಗೆ ಬರುತ್ತಾರೆ. ಎಲ್ಲರೂ ಕೂಡಿ ಪಾತ್ರಗಳನ್ನು ಕಲ್ಪಿಸಿ ಕಥೆಯ ಆರಂಭವನ್ನು ಕಟ್ಟುತ್ತಾರೆ. ಒಬ್ಬ ಸ್ವಯಂಸೇವಕ ಅದನ್ನು ಎಲ್ಲರಿಗೂ ಕಾಣುವಂತೆ ಬರೆದುಕೊಳ್ಳುತ್ತಾನೆ. ಇನ್ನೊಬ್ಬರು ಚಿತ್ರ ಬಿಡಿಸುತ್ತಾರೆ. ಕಥೆ ಕುತೂಹಲದ ತುದಿಗೆ ಬಂದೊಡನೆ ನಿಲ್ಲುತ್ತದೆ. ಮುಂದಿನದನ್ನು ಪ್ರತಿಯೊಂದು ಮಗುವೂ ತನ್ನ ಮನಸ್ಸಿಗೆ ತೋರಿದಂತೆ ಮುಗಿಸಿ, ಅದನ್ನು ತನ್ನದೇ ಪುಸ್ತಕವಾಗಿ ಮನೆಗೆ ಕೊಂಡೊಯ್ಯುತ್ತದೆ. ಒಂದು ಕಾಸಿನ ಶುಲ್ಕವೂ ಇಲ್ಲ.

ಇದರಲ್ಲಿ ನಮ್ಮ ಹಳ್ಳಿಗೆ ಎಟುಕದಂತಹದೇನಿದೆ? ತಿಂಗಳಿಗೊಂದು ರವಿವಾರ, ಎರಡು ಗಂಟೆ, ಹದಿನೈದಿಪ್ಪತ್ತು ಮಕ್ಕಳು, ಒಂದು ಕರಿಹಲಗೆ. ಸ್ಥಳಕ್ಕೆ ಶಾಲೆಯ ಜಗಲಿ, ವಾಚನಾಲಯ, ಗುಡಿಯ ಪೌಳಿ, ಯಾವುದಾದರೂ ಆದೀತು. ನಿವೃತ್ತ ಉಪಾಧ್ಯಾಯರೂ ಕಾಲೇಜಿಗೆ ಹೋಗುವ ಅಕ್ಕ-ಅಣ್ಣಂದಿರೂ ಕೈಜೋಡಿಸಲಿ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ, ನಿಂತ ನಿಲುವಿನಲ್ಲಿ ಮಾತು ಕಟ್ಟುವ ತಾಳಮದ್ದಳೆಯ ಅರ್ಥಧಾರಿಗಿಂತ ಒಳ್ಳೆಯ ಗುರು ಬೇಕೇ? ಅಕ್ಕಲಕೋಟೆ, ಜತ್ತ ಭಾಗದಲ್ಲಿ ಬೀಸುವ ಪದ ಬಲ್ಲ ಅಜ್ಜಿಯನ್ನು ನಡುವೆ ಕೂರಿಸಿರಿ. ಅಜ್ಜಿ ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಬರೆದುದನ್ನೆಲ್ಲ ಕೈಬರಹದ ಪತ್ರಿಕೆಯಾಗಿ ಹೊಲಿದು, ಊರವರ ಮುಂದೆ ಮಕ್ಕಳಿಂದಲೇ ಓದಿಸಿರಿ.

ಎರಡು ನಿಯಮಗಳನ್ನು ಮಾತ್ರ ಮೀರಬಾರದು. ಮೊದಲನೆಯದು, ಕಮ್ಮಟ ಉಚಿತವಾಗಿರಬೇಕು. ಹತ್ತು ರೂಪಾಯಿ ಶುಲ್ಕವಿಟ್ಟರೂ ಕಬ್ಬು ಕಡಿಯಲು ಗುಳೆ ಹೋಗುವವರ ಮಗುವೂ ಬೀಡಿ ಕಟ್ಟುವ ತಾಯಿಯ ಮಗುವೂ ಹೊರಗುಳಿದಾವು. ಹೇಳಬೇಕಾದ ಕಥೆ ಹೆಚ್ಚಾಗಿರುವುದು ಅವರಲ್ಲಿಯೇ. ಎರಡನೆಯದು, ಮನೆಯ ಮಾತನ್ನು ಹಳಿಯಬಾರದು. ಅಕ್ಕಲಕೋಟೆಯ ಹುಡುಗಿ ‘ಹೋಗ್ಯಾನ’ ಎಂದು ಬರೆದರೂ, ತಾಳವಾಡಿಯ ಹುಡುಗ ‘ಹೋಗವ್ನೆ’ ಎಂದು ಬರೆದರೂ, ತುಳು ಮನೆಮಾತಿನ ಮಗು ನಡುವೆ ತನ್ನ ತಾಯಿಯ ಮಾತನ್ನು ತಂದರೂ ಮೊದಲು ಕಥೆಯನ್ನು ಕೇಳಿರಿ. ಕಾಗುಣಿತವನ್ನು ಆಮೇಲೆ ತಿದ್ದಬಹುದು. ಒಮ್ಮೆ ಮುದುಡಿದ ಮನಸ್ಸನ್ನು ತಿದ್ದಲಾಗದು.

‘ರಾಜ್ಯದ ಭಾಷೆ ಬಾರದಿದ್ದರೆ ಉದ್ಯೋಗವಿಲ್ಲ, ಕಥೆ ಬರೆದು ಏನು ಫಲ?’ ಎಂದು ತಾಯಿತಂದೆಗಳು ಕೇಳುವುದು ಸಹಜ. ಮಲಯಾಳ, ಮರಾಠಿ, ತಮಿಳು, ತೆಲುಗುಗಳನ್ನು ಮಕ್ಕಳು ಚೆನ್ನಾಗಿಯೇ ಕಲಿಯಲಿ. ನಮಗೆ ಯಾವ ಭಾಷೆಯ ಮೇಲೂ ದ್ವೇಷವಿಲ್ಲ. ಆದರೆ ಒಂದು ನುಡಿಯಲ್ಲಿ ತನ್ನ ಅನುಭವವನ್ನು ಕ್ರಮವಾಗಿ ಹೇಳಬಲ್ಲವನಿಗೆ ಇನ್ನೊಂದು ನುಡಿಯಲ್ಲಿ ಅರ್ಜಿ ಬರೆಯುವುದೂ ಸುಲಭವೇ. ಯಾವ ನುಡಿಯಲ್ಲಿಯೂ ತನ್ನ ಮಾತನ್ನು ಕಟ್ಟಲಾರದವನು ಎಲ್ಲ ಕಡೆಗಳಲ್ಲಿಯೂ ಮೂಕನು.

ಕೊನೆಗೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ರಾಜ್ಯೋತ್ಸವಕ್ಕೆ ನಾವು ನಡೆಸಿದ ಪ್ರಬಂಧ ಸ್ಪರ್ಧೆಗಳಲ್ಲಿ ಹಿರಿಯರು ಬರೆದುಕೊಟ್ಟುದನ್ನು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸಿದರು. ‘ಕನ್ನಡತಾಯಿ’ ಎಂಬ ಪದ ಎಷ್ಟು ಸಲ ಬಂದಿತೆಂದು ನೋಡಿ ನಾವು ಬಹುಮಾನವಿತ್ತೆವು. ಇನ್ನು ಹಾಗಾಗಬಾರದು. ಕಮ್ಮಟಕ್ಕೆ ಬಂದ ಮಗುವಿಗೆ ಏಕೀಕರಣದ ಮೇಲೆ ಬರೆಯೆಂದು ಹೇಳಬೇಡಿರಿ. ಕಳೆದುಹೋದ ಆಡಿನ ಮೇಲೆ, ಬತ್ತಿದ ಬಾವಿಯ ಮೇಲೆ, ಊರು ಬಿಟ್ಟ ಗೆಳೆಯನ ಮೇಲೆ ಅದು ಬರೆಯಲಿ. ತನ್ನ ದುಃಖವನ್ನೂ ನಗೆಯನ್ನೂ ಕನ್ನಡದಲ್ಲಿ ಬರೆದಿಟ್ಟ ಮಗು, ಮುಂದೆ ಆ ನುಡಿಯನ್ನು ಯಾರು ಹೇಳದಿದ್ದರೂ ಕಾಪಾಡಿಕೊಳ್ಳುತ್ತದೆ. ಬರುವ ರವಿವಾರವೇ ನಿಮ್ಮೂರಿನಲ್ಲಿ ಒಂದು ಚಾಪೆ ಹಾಸಿರಿ.